ನ್ಯೂಟ್ರಾನ್ ನಕ್ಷತ್ರದ ಲೆಕ್ಕ ಹಾಕಿದ ಮಳೆಗಾಲ

ಹೋದ ಮಳೆಗಾಲ ಉಡುಪಿಯ ನಮ್ಮ ಮನೆಯಲ್ಲಿ ಕೂತು ಒಂದು ನ್ಯೂಟ್ರಾನ್ ನಕ್ಷತ್ರದ ಲೆಕ್ಕ ಹಾಕಿದೆ. ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿಯುವ, ಬಹುಪಾಲು ನ್ಯೂಟ್ರಾನ್‌ಗಳೇ ಕಿಕ್ಕಿರಿದ ಗಟ್ಟಿ ಉಂಡೆ ಅದು. ಹಳೇ ಲ್ಯಾಪ್‌ಟಾಪ್, ಪೈಥಾನ್‌ನಲ್ಲಿ ನೂರು ಸಾಲಿನ ಕೋಡ್. ಅಷ್ಟೇ ಸಾಕಾಯಿತು.

ನಕ್ಷತ್ರದ ನಟ್ಟನಡುವಿನ ಸಾಂದ್ರತೆ ಇಷ್ಟು ಅಂತ ನಾವೇ ಇಟ್ಟುಕೊಳ್ಳಬೇಕು. ಅಲ್ಲಿಂದ ಕೆಲವೇ ಮೀಟರ್‌ಗಳಂತೆ ಹೊರಗೆ ಬರುತ್ತಾ, ಒತ್ತಡ ಎಷ್ಟು ಇಳಿಯಿತು, ದ್ರವ್ಯರಾಶಿ ಎಷ್ಟು ಸೇರಿತು ಅಂತ ನೋಡುತ್ತಾ ಹೋಗಬೇಕು. ಒತ್ತಡ ಸೊನ್ನೆಯಾದಲ್ಲಿಗೆ ನಕ್ಷತ್ರ ಮುಗಿಯಿತು. ಭೌತವಿಜ್ಞಾನಿಗಳಾದ ಟೋಲ್ಮನ್, ಓಪನ್‌ಹೈಮರ್, ವೋಲ್ಕಾಫ್ 1939ರಲ್ಲಿ ಕೊಟ್ಟ ಸಮೀಕರಣ ಇದು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒತ್ತಡ. ನ್ಯೂಟನ್ ಲೆಕ್ಕದಲ್ಲಿ ಒತ್ತಡ ಮೇಲಿನ ಭಾರ ಹೊರುತ್ತದೆ, ಅಷ್ಟೇ. ಐನ್‌ಸ್ಟೈನ್ ಲೆಕ್ಕದಲ್ಲಿ ಒತ್ತಡವೂ ಗುರುತ್ವವನ್ನು ಹೆಚ್ಚಿಸುತ್ತದೆ. ಹೊರುವವನೇ ಹೊರೆಯೂ ಆದ ಹಾಗೆ! ಅದಕ್ಕೇ ಒಂದು ಮಿತಿ ದಾಟಿದರೆ ಒತ್ತಡ ಎಷ್ಟೇ ಇದ್ದರೂ ನಕ್ಷತ್ರ ಕುಸಿಯುತ್ತದೆ.

ಮೊದಲು ನ್ಯೂಟ್ರಾನ್‌ಗಳು ಒಂದನ್ನೊಂದು ತಳ್ಳುವುದೇ ಇಲ್ಲ ಅಂತ ಇಟ್ಟುಕೊಂಡೆ. ಗರಿಷ್ಠ ದ್ರವ್ಯರಾಶಿ ಸೂರ್ಯನ 0.71ರಷ್ಟು ಬಂತು. ಕೋಡ್ ತಪ್ಪಿದೆ ಅಂತ ಎರಡು ದಿನ ಹುಡುಕಿದೆ. ಕೊನೆಗೆ ನೋಡಿದರೆ ಓಪನ್‌ಹೈಮರ್, ವೋಲ್ಕಾಫ್‌ಗೆ ಸಿಕ್ಕಿದ್ದೂ ಸುಮಾರು 0.7! ಅವತ್ತು ರಾತ್ರಿ ನಿದ್ದೆಯೇ ಬರಲಿಲ್ಲ.

ಆದರೆ ಆಕಾಶದಲ್ಲಿ ಇದಕ್ಕಿಂತ ಎಷ್ಟೋ ಭಾರದವು ಇವೆ. ಜೆ0740+6620 ಎಂಬ ಪಲ್ಸಾರ್, ಅಂದರೆ ಗಿರಗಿರ ತಿರುಗುತ್ತಾ ಮಿಡಿಯುವ ನ್ಯೂಟ್ರಾನ್ ನಕ್ಷತ್ರ, ಸುಮಾರು 2 ಸೂರ್ಯನಷ್ಟಿದೆ. ತೀರಾ ಹತ್ತಿರ ಬಂದ ನ್ಯೂಟ್ರಾನ್‌ಗಳು ಜೋರಾಗಿ ತಳ್ಳಾಡುತ್ತವೆ, ಆ ತಳ್ಳಾಟವೇ ಇಷ್ಟು ಭಾರ ತಡೆಯುವುದು.

ಅದನ್ನೂ ಸೇರಿಸಿ ಮಾಡಿದ, ಯಾವ ಸಾಂದ್ರತೆಗೆ ಎಷ್ಟು ಒತ್ತಡ ಅಂತ ಹೇಳುವ ಎಸ್‌ಎಲ್‌ವೈ ಎಂಬ ಕೋಷ್ಟಕ ಹಾಕಿದೆ. ಗರಿಷ್ಠ 2.05 ಬಂತು, ಸರಿ. ತ್ರಿಜ್ಯ ಮಾತ್ರ ಅರ್ಧ ಕಿಲೋಮೀಟರ್ ಜಾಸ್ತಿ. ತಪ್ಪು ಇದ್ದದ್ದು ಸಿಪ್ಪೆಯಲ್ಲಿ, ಅಂದರೆ ನಕ್ಷತ್ರದ ಹೊರಪದರದಲ್ಲಿ. ಕೊನೆಯ ಸುಮಾರು ಒಂದು ಕಿಲೋಮೀಟರ್‌ನಲ್ಲಿ ಒತ್ತಡ ಕೋಟಿ ಕೋಟಿ ಪಟ್ಟು ಇಳಿಯುತ್ತದೆ. ಕೋಷ್ಟಕದ ಎರಡು ಸಾಲುಗಳ ನಡುವೆ ನಾನು ಸುಮ್ನೆ ನೇರ ಗೆರೆ ಎಳೆದಿದ್ದೆ. ಹಾಗಾಗಿ ಸಿಪ್ಪೆಯ ಸಾಂದ್ರತೆ ಇರಬೇಕಾದ್ದಕ್ಕಿಂತ ಕಡಿಮೆಯಾಗಿ, ಸಿಪ್ಪೆ ಉಬ್ಬಿತ್ತು. ಸಿಪ್ಪೆಯಲ್ಲಿ ಭಾರವೇ ಅಷ್ಟಿಲ್ಲ, ಹಾಗಾಗಿ ದ್ರವ್ಯರಾಶಿ ನೋಡಿದರೆ ತಪ್ಪು ಗೊತ್ತೇ ಆಗುವುದಿಲ್ಲ. ಒತ್ತಡ, ಸಾಂದ್ರತೆ ಎರಡಕ್ಕೂ ಲಾಗರಿದಮ್ ತೆಗೆದು ಗೆರೆ ಎಳೆದೆ. 1.4 ಸೂರ್ಯನ ನಕ್ಷತ್ರಕ್ಕೆ 11.7 ಕಿಲೋಮೀಟರ್ ಬಂತು. ಹೆಚ್ಚುಕಡಿಮೆ ಉಡುಪಿಯಿಂದ ಕಾಪುವಿಗೆ ಹೋದಷ್ಟು ದೂರ. ಅಷ್ಟರೊಳಗೆ ಒಂದು ಸೂರ್ಯನಿಗಿಂತ ಜಾಸ್ತಿ ಭಾರ, ಯೋಚಿಸಿ!

ಆಮೇಲೆ ಹೈಪೆರಾನ್‌ಗಳನ್ನು (ನ್ಯೂಟ್ರಾನ್‌ಗಿಂತ ಭಾರವಾದ, ಅದರ ಜಾತಿಯ ಕಣಗಳು) ಸೇರಿಸಿ ಬೇರೊಂದು ಮಾದರಿ ಮಾಡಿದೆ. ಒತ್ತಡ ಸಡಿಲವಾಗಿ ಗರಿಷ್ಠ ಮತ್ತೆ 2ರ ಕೆಳಗೆ ಇಳಿಯಿತು. ಈಗ ಹೈಪೆರಾನ್‌ಗಳ ನಡುವೆಯೂ ತಳ್ಳಾಟ ಹಾಕಿ ನೋಡುತ್ತಿದ್ದೇನೆ.