ಹಳೆಯ ಜೀಪಿನ ಕೂಲೆಂಟ್ ಬದಲಿಸುವ ಮುನ್ನ ರೇಡಿಯೇಟರಿನ ಲೋಹವನ್ನು ನೋಡಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಜೀಪುಗಳಲ್ಲಿ ಕೆಲವಕ್ಕೆ ಹಳ್ಳದ ನೀರು ಅಥವಾ ಬೋರ್‌ವೆಲ್ ನೀರೇ ಕೂಲೆಂಟ್ ಆಗಿರುತ್ತದೆ. ಇನ್ನು ಕೆಲವು ಹಿಂದಿನಿಂದಲೂ ಹಸಿರು ಕೂಲೆಂಟಿನಲ್ಲಿ ಓಡಿದಂಥವು. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ, ಐದು ವರ್ಷ ಬಾಳಿಕೆ ಬರುವುದೆಂದು ಡಬ್ಬದ ಮೇಲೆ ಬರೆದಿರುವ ಕೆಂಪು ಅಥವಾ ಕಿತ್ತಳೆ ಬಣ್ಣದ ಕೂಲೆಂಟನ್ನು ಇವಕ್ಕೆ ಹಾಕಬಹುದೇ ಎಂದು ಮಾಲೀಕರು ಕೇಳುತ್ತಾರೆ. ಕೆಲವು ಗಾಡಿಗಳಿಗೆ ಹಾಕಬಹುದು, ಕೆಲವಕ್ಕೆ ಹಾಕಬಾರದು. ಅದನ್ನು ತೀರ್ಮಾನಿಸುವುದು ರೇಡಿಯೇಟರಿನ ಲೋಹ.

ಇದನ್ನು ತಿಳಿಯದೆ ನಾನು ನನ್ನ ಡೀಸೆಲ್ ಜೀಪಿನಲ್ಲಿ ಹಸಿರು ಕೂಲೆಂಟ್ ಅರ್ಧ ಇರುವಾಗಲೇ ಅದರ ಮೇಲೆ ಕಿತ್ತಳೆ ಬಣ್ಣದ್ದನ್ನು ತುಂಬಿಸಿದ್ದೆ. ಕೆಲವು ತಿಂಗಳಲ್ಲಿ ಕ್ಯಾಪಿನ ಕೆಳಗೆ ಗಂಜಿಯಂತಹ ಕಂದು ಕೆಸರು ಕಟ್ಟಿಕೊಂಡು, ಚಾರ್ಮಾಡಿ ಘಾಟಿಯ ಏರಿನಲ್ಲಿ ಎಂಜಿನ್ ಕಾದು ಗಾಡಿ ನಿಲ್ಲಿಸಬೇಕಾಯಿತು. ಆ ಕೆಸರನ್ನು ತೆಗೆಯಲು ಪಟ್ಟ ಪಾಡಿನಿಂದ ಕಲಿತದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ನಮ್ಮ ಕಡೆ ರೇಡಿಯೇಟರಿನ ನೀರು ಹೆಪ್ಪುಗಟ್ಟುವಷ್ಟು ಚಳಿ ಇಲ್ಲ, ಹಾಗಾದರೆ ಕೂಲೆಂಟ್ ಏಕೆ ಎಂದು ಕೆಲವರು ಕೇಳುವುದುಂಟು. ಇಲ್ಲಿ ಅದರ ಕೆಲಸ ಎರಡು: ಕುದಿಯುವುದನ್ನು ಮುಂದೂಡುವುದು ಮತ್ತು ತುಕ್ಕನ್ನು ತಡೆಯುವುದು. ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿರುವ ಚಿಕ್ಕಮಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96–97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ಇನ್ನೂ ಎರಡು ಮೂರು ಡಿಗ್ರಿ ಮೊದಲೇ. ರೇಡಿಯೇಟರ್ ಕ್ಯಾಪ್ ಒಳಗೆ ಒತ್ತಡ ಹಿಡಿದಿಟ್ಟು ಈ ಮಿತಿಯನ್ನು ಏರಿಸುತ್ತದೆ; 0.9 ಬಾರ್ ಕ್ಯಾಪ್ ಇದ್ದರೆ ಸುಮಾರು ಇಪ್ಪತ್ತು ಡಿಗ್ರಿಯಷ್ಟು. ಕೂಲೆಂಟಿನ ಮುಖ್ಯ ದ್ರವವಾದ ಗ್ಲೈಕಾಲ್ ಅರ್ಧಪಾಲು ಬೆರೆತರೆ ಇನ್ನೂ ಏಳೆಂಟು ಡಿಗ್ರಿ ಸೇರುತ್ತದೆ. ಆದ್ದರಿಂದ ಕ್ಯಾಪಿನ ರಬ್ಬರ್ ಹರಿದಿದ್ದರೆ ಮೊದಲು ಅದನ್ನು, ಗಾಡಿಗೆ ಹೇಳಿದ ಒತ್ತಡದ ಕ್ಯಾಪನ್ನೇ ತಂದು, ಬದಲಿಸಬೇಕು.

ಇನ್ನು ಲೋಹದ ವಿಚಾರ. ಹಳೆಯ ಜೀಪು, ಅಂಬಾಸಿಡರ್ ಮೊದಲಾದವುಗಳ ರೇಡಿಯೇಟರುಗಳು ತಾಮ್ರ–ಹಿತ್ತಾಳೆಯವು. ಅವುಗಳ ಬೆಸುಗೆ ಸೀಸ ಮತ್ತು ತವರದ್ದು. ಮೇಲಿನ ಟ್ಯಾಂಕಿನ ಕಪ್ಪು ಬಣ್ಣವನ್ನು ಒಂದು ಮೂಲೆಯಲ್ಲಿ ಕೆರೆದರೆ ಹಳದಿ ಲೋಹವೂ, ಅಂಚಿನುದ್ದಕ್ಕೆ ಬೂದು ಬಣ್ಣದ ಬೆಸುಗೆಯೂ ಕಾಣುತ್ತವೆ. ಅನಂತರದ ಕಾರುಗಳಲ್ಲಿ ಅಲ್ಯೂಮಿನಿಯಂ ಕೋರ್ ಇದ್ದು, ಅದರ ಮೇಲೆ ಪ್ಲಾಸ್ಟಿಕ್ ಟ್ಯಾಂಕನ್ನು ಮಡಿಚಿ ಹಿಡಿಸಿರುತ್ತಾರೆ. ಸಾಂಪ್ರದಾಯಿಕ ಹಸಿರು ಕೂಲೆಂಟ್, ಅಂದರೆ ಐಎಟಿ, ಸಿಲಿಕೇಟ್ ಅಥವಾ ಫಾಸ್ಫೇಟಿನಂತಹ ಲವಣಗಳಿಂದ ಲೋಹದ ಮೈಮೇಲೆಲ್ಲ ತೆಳುವಾದ ಪೊರೆ ಕಟ್ಟಿ ಕಾಯುತ್ತದೆ; ಆದರೆ ಆ ಲವಣಗಳು ಸುಮಾರು ಎರಡು ವರ್ಷದಲ್ಲಿ ಖರ್ಚಾಗಿಬಿಡುತ್ತವೆ. ಸಾವಯವ ಆಮ್ಲಗಳನ್ನು ಆಧರಿಸಿದ, ಹೆಚ್ಚಾಗಿ ಕೆಂಪು ಅಥವಾ ಕಿತ್ತಳೆ ಬಣ್ಣದಲ್ಲಿ ಬರುವ ಓಎಟಿ ಕೂಲೆಂಟ್ ಸವೆತ ಶುರುವಾಗುವ ಜಾಗದಲ್ಲಿ ಮಾತ್ರ ಕೆಲಸ ಮಾಡುವುದರಿಂದ ಹೆಚ್ಚು ಕಾಲ ಬಾಳುತ್ತದೆ. ಆದರೆ ಕೆಲವು ಓಎಟಿ ಕೂಲೆಂಟುಗಳು ಸೀಸದ ಬೆಸುಗೆಯನ್ನು ಸರಿಯಾಗಿ ಕಾಯುವುದಿಲ್ಲ, ಮತ್ತು ಅವುಗಳಲ್ಲಿರುವ ಒಂದು ಬಗೆಯ ಆಮ್ಲ ಹಳೆಯ ಸೀಲುಗಳನ್ನು ಮೆತ್ತಗಾಗಿಸುವುದುಂಟು. ಎರಡನ್ನೂ ಸೇರಿಸಿದ ಮಿಶ್ರ ಬಗೆಯನ್ನು ಎಚ್‌ಒಎಟಿ ಎನ್ನುತ್ತಾರೆ.

ಆದ್ದರಿಂದ ಹಿತ್ತಾಳೆ ರೇಡಿಯೇಟರಿನ ಗಾಡಿಗೆ ಐಎಟಿಯನ್ನೋ, ತಾಮ್ರ, ಹಿತ್ತಾಳೆ ಹಾಗೂ ಬೆಸುಗೆಗೆ ಸೂಕ್ತವೆಂದು ತಯಾರಕರೇ ಸ್ಪಷ್ಟವಾಗಿ ಬರೆದಿರುವ ಮಿಶ್ರ ಬಗೆಯನ್ನೋ ಹಾಕುವುದು ಕ್ಷೇಮ ಎಂಬುದು ನನ್ನ ಅಭಿಪ್ರಾಯ. ಅಲ್ಯೂಮಿನಿಯಂ ರೇಡಿಯೇಟರಿನ ಕಾರಿಗೆ, ಅದರ ಕೈಪಿಡಿ ಬೇಡವೆನ್ನದಿದ್ದರೆ, ಓಎಟಿಗೆ ಬದಲಾಯಿಸಬಹುದು. ಬಣ್ಣವನ್ನು ನಂಬಬೇಡಿ, ಅದು ಕಂಪನಿ ತನಗೆ ಬೇಕಾದಂತೆ ಹಾಕುವ ಬಣ್ಣವಷ್ಟೇ, ಹಸಿರು ಬಣ್ಣದ ಓಎಟಿಯೂ ಇದೆ. ಡಬ್ಬದ ಹಿಂಬದಿಯಲ್ಲಿ ಬಗೆ ಯಾವುದೆಂದು ಬರೆದಿದೆಯೇ, ಐಎಸ್ 5759 ಅಥವಾ ಜೆಐಎಸ್ ಕೆ 2234 ಎಂಬ ಮಾನಕದ ಉಲ್ಲೇಖ ಇದೆಯೇ ಎಂದು ಓದಿ ನೋಡಿ.

ಕೆಲಸ ಶುರುಮಾಡುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಎಂಜಿನ್ನಿನ ಕ್ಯಾಪ್ ತೆಗೆದು ಮುಖ ಸುಟ್ಟುಕೊಂಡವರಿದ್ದಾರೆ. ರೇಡಿಯೇಟರಿನ ಕೆಳಗಿನ ಕಾಕ್ ತಿರುಗಿಸಿ, ಬರುವ ದ್ರವವನ್ನು ಬಕೆಟ್ಟಿನಲ್ಲಿ ಹಿಡಿದು ಅಳೆದಿಡಿ. ಈ ಅಳತೆ ಮುಂದೆ ಬೇಕಾಗುತ್ತದೆ. ಅನೇಕರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ಎಂಜಿನ್ ಬ್ಲಾಕಿನೊಳಗೆ ಸಾಕಷ್ಟು ಹಳೆಯ ದ್ರವ ಉಳಿದಿರುತ್ತದೆ, ಕೆಸರು ಕೂರುವುದೂ ಅಲ್ಲಿಯೇ. ಬ್ಲಾಕಿನ ಬದಿಯಲ್ಲಿ ಡ್ರೈನ್ ಪ್ಲಗ್ ಇದ್ದರೆ ಅದನ್ನೂ ಬಿಚ್ಚಬೇಕು. ಬಿಚ್ಚಿದರೂ ಏನೂ ಬಾರದಿದ್ದರೆ ತುಕ್ಕು ಕಟ್ಟಿಕೊಂಡಿದೆ ಎಂದರ್ಥ. ತಂತಿಯಿಂದ ಮೆಲ್ಲಗೆ ಚುಚ್ಚಿದರೆ ಕಟ್ಟು ಬಿಟ್ಟು ಹರಿಯುತ್ತದೆ.

ಇದೇ ಹೊತ್ತಿಗೆ, ಎಂಜಿನ್ ಬಿಸಿಯಾದ ಮೇಲಷ್ಟೇ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟವಾದ ಥರ್ಮೋಸ್ಟಾಟನ್ನು ತೆಗೆದು ಪರೀಕ್ಷಿಸಿ. ನಮ್ಮ ಕಡೆ ಎಂಜಿನ್ ಕಾಯುತ್ತದೆ ಎಂದ ಕೂಡಲೇ ಥರ್ಮೋಸ್ಟಾಟ್ ಕಿತ್ತು ಎಸೆಯುವ ಅಭ್ಯಾಸ ಬಲವಾಗಿ ಬೇರೂರಿದೆ, ಮತ್ತು ಇದನ್ನು ಬಿಡಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ಡಿಸೆಂಬರ್–ಜನವರಿಯ ಬೆಳಗಿನ ಚಳಿಯಲ್ಲಿ ಎಂಜಿನ್ ಬಹಳ ಹೊತ್ತು ತಣ್ಣಗೇ ಓಡಿ ಬೇಗ ಸವೆಯುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಬೈಪಾಸ್ ದಾರಿ ತೆರೆದೇ ಉಳಿದು, ಬಿಸಿ ನೀರು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತಿ, ಏರಿನಲ್ಲಿ ಮತ್ತಷ್ಟು ಕಾಯುತ್ತದೆ. ಪಾತ್ರೆಯ ನೀರಿನಲ್ಲಿ ಥರ್ಮೋಸ್ಟಾಟನ್ನು ದಾರದಿಂದ ತೂಗುಬಿಟ್ಟು ಒಲೆಯ ಮೇಲೆ ಬಿಸಿಮಾಡಿ. ಅದರ ಮೇಲೆ ನಮೂದಿಸಿದ ಉಷ್ಣತೆಯ ಆಸುಪಾಸಿನಲ್ಲಿ ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿ.

ತೊಳೆಯುವ ಕೆಲಸಕ್ಕೆ ಅರ್ಧ ದಿನ ಮೀಸಲಿಡಿ. ಥರ್ಮೋಸ್ಟಾಟ್ ಇಲ್ಲದೆಯೇ ಹೌಸಿಂಗ್ ಮುಚ್ಚಿ, ನೀರು ತುಂಬಿಸಿ, ಹೀಟರ್ ಇದ್ದರೆ ಅದನ್ನು ಬಿಸಿಯ ಕಡೆಗೆ ತಿರುಗಿಸಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ಆರಿದ ಮೇಲೆ ಬಸಿಯಬೇಕು. ಬರುವ ನೀರು ತಿಳಿಯಾಗುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡಿ. ಕೊನೆಯ ಎರಡು ಸಲ ಡಿಸ್ಟಿಲ್ಡ್ ವಾಟರನ್ನೇ ಬಳಸಿ. ಕಡೂರು, ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿರುವ ಕ್ಯಾಲ್ಸಿಯಂ ಬಿಸಿ ತಗುಲಿದಲ್ಲಿ ಗಟ್ಟಿ ಪದರವಾಗಿ ಕೂರುವುದಲ್ಲದೆ, ಫಾಸ್ಫೇಟ್ ಇರುವ ಕೂಲೆಂಟಿನೊಡನೆ ಸೇರಿ ಗಷ್ಟಾಗುತ್ತದೆ. ಹಿತ್ತಾಳೆ ರೇಡಿಯೇಟರಿನ ಕೊಳವೆಗಳೇ ಕಟ್ಟಿದ್ದರೆ ತೊಳೆದು ಪ್ರಯೋಜನವಿಲ್ಲ. ರೇಡಿಯೇಟರ್ ಕೆಲಸದವರಲ್ಲಿಗೆ ಒಯ್ದು, ಟ್ಯಾಂಕಿನ ಬೆಸುಗೆ ಬಿಡಿಸಿ, ಸರಳು ಹಾಕಿ ಶುಚಿಮಾಡಿಸಬೇಕು.

ಒಂದು ಎಚ್ಚರಿಕೆ: ವರ್ಷಗಟ್ಟಲೆ ಬರೀ ನೀರಿನಲ್ಲಿ ಓಡಿದ ಎಂಜಿನ್ನಿನಲ್ಲಿ ತುಕ್ಕೇ ಸಣ್ಣ ತೂತುಗಳನ್ನು ಮುಚ್ಚಿಕೊಂಡಿರಬಹುದು. ತೊಳೆದ ಮೇಲೆ ವಾಟರ್ ಪಂಪಿನಲ್ಲೋ ಹೋಸಿನ ಬಾಯಲ್ಲೋ ಸೋರಿಕೆ ಕಂಡರೆ ಅದು ಹೊಸ ಕೂಲೆಂಟಿನ ದೋಷವಲ್ಲ. ಮೆತ್ತಗಾದ ಅಥವಾ ಬಿರುಕು ಬಿಟ್ಟ ಹೋಸುಗಳನ್ನು ಈಗಲೇ ಬದಲಿಸಿಬಿಡಿ.

ತುಂಬಿಸುವಾಗ ಲೆಕ್ಕ ತಪ್ಪುವುದು ಸಾಮಾನ್ಯ. ಒಟ್ಟು ಹತ್ತು ಲೀಟರ್ ಹಿಡಿಯುವ ಗಾಡಿಯಿಂದ ಏಳು ಲೀಟರ್ ಮಾತ್ರ ಬಸಿದಿದೆ ಎನ್ನೋಣ. ಅರ್ಧಕ್ಕರ್ಧ ಬೆರೆಸಿ ಮಾರುವ ಕೂಲೆಂಟನ್ನು ಏಳು ಲೀಟರ್ ಸುರಿದರೆ, ಒಳಗೆ ಉಳಿದ ಮೂರು ಲೀಟರ್ ನೀರು ಸೇರಿ ಗಟ್ಟಿ ಕೂಲೆಂಟಿನ ಅಂಶ ನೂರಕ್ಕೆ 35ಕ್ಕೆ ಇಳಿಯುತ್ತದೆ. ಹಾಗಾಗಿ ನೀರು ಬೆರೆಸದ ಗಟ್ಟಿ ಕೂಲೆಂಟನ್ನು ತಂದು, ಅರ್ಧ ಭಾಗಕ್ಕೆ ಬೇಕಾದ ಐದು ಲೀಟರನ್ನು ಮೊದಲು ಹಾಕಿ, ಉಳಿದದ್ದನ್ನು ಡಿಸ್ಟಿಲ್ಡ್ ವಾಟರಿನಿಂದ ತುಂಬಿಸಿ. ಗಟ್ಟಿಯಾದಷ್ಟೂ ಒಳ್ಳೆಯದೆಂದು ನೀರಿಲ್ಲದೆ ಸುರಿಯಬಾರದು. ಶಾಖವನ್ನು ಹೊತ್ತೊಯ್ಯುವುದರಲ್ಲಿ ಗ್ಲೈಕಾಲಿಗಿಂತ ನೀರೇ ಮೇಲು.

ಥರ್ಮೋಸ್ಟಾಟನ್ನು ಮರಳಿ ಕೂರಿಸಿ, ಗಾಡಿಯ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ ನಿಧಾನವಾಗಿ ಸುರಿಯಿರಿ. ಕ್ಯಾಪ್ ಹಾಕದೆ ತಣ್ಣನೆಯ ಎಂಜಿನನ್ನು ಐಡಲಿನಲ್ಲಿ ಓಡಿಸಿ, ಮೇಲಿನ ಹೋಸನ್ನು ಆಗಾಗ ಒತ್ತುತ್ತಿದ್ದರೆ ಗಾಳಿಯ ಗುಳ್ಳೆಗಳು ಹೊರಬರುತ್ತವೆ; ಥರ್ಮೋಸ್ಟಾಟ್ ತೆರೆದಾಗ ಮಟ್ಟ ಇಳಿಯುತ್ತದೆ, ಆಗ ತುಂಬಿಸಿ ಕ್ಯಾಪ್ ಹಾಕಬೇಕು. ಮರುದಿನ ಬೆಳಗ್ಗೆ ಮತ್ತೊಮ್ಮೆ ಮಟ್ಟ ನೋಡಿ. ಹಳೆಯದರ ಅಂಶ ಒಳಗೆ ಸ್ವಲ್ಪ ಉಳಿದೇ ಇರುವುದರಿಂದ, ಡಬ್ಬದ ಮೇಲೆ ಐದು ವರ್ಷ ಎಂದಿದ್ದರೂ ಮೊದಲ ಸಲ ಎರಡು ವರ್ಷಕ್ಕೇ ಬದಲಿಸುವುದು ಲೇಸು.

ಬಸಿದ ಕೂಲೆಂಟನ್ನು ತೋಟದ ಚರಂಡಿಗೆ ಸುರಿಯಬೇಡಿ. ಅಲ್ಲಿಂದ ಅದು ಹಳ್ಳಕ್ಕೆ ಸೇರುತ್ತದೆ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಇದು ವಿಷ. ಮುಚ್ಚಳ ಬಿಗಿಯಾದ ಕ್ಯಾನಿಗೆ ತುಂಬಿ, ಮೇಲೆ ವಿಷವೆಂದು ಬರೆದು, ಹಳೆಯ ಆಯಿಲ್ ಮತ್ತು ಕೂಲೆಂಟನ್ನು ವಿಲೇವಾರಿಗೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಿ. ಕೊನೆಗೆ, ಹಾಕಿದ ಕೂಲೆಂಟಿನ ಬಗೆ ಮತ್ತು ದಿನಾಂಕವನ್ನು ಬಾನೆಟ್ಟಿನ ಒಳಬದಿಯಲ್ಲಿ ಪೇಂಟಿನಿಂದ ಬರೆದು, ಅದೇ ಮಿಶ್ರಣದ ಒಂದು ಲೀಟರ್ ಬಾಟಲಿಯನ್ನು ಸೀಟಿನ ಹಿಂದೆ ಇಟ್ಟಿರಿ. ಆಗ ಘಾಟಿಯಲ್ಲಿ ಮಟ್ಟ ಇಳಿದಾಗ ಡ್ರೈವರ್ ಹಳ್ಳದ ನೀರಿಗೆ ಕೈಹಾಕಬೇಕಾಗುವುದಿಲ್ಲ.