ಬ್ರೇಕ್ ಲೈಟ್ ಬಲ್ಬನ್ನು ನಾನೇ ಬದಲಾಯಿಸಿದೆ

ನಮ್ಮ ಕಾಂಪ್ಯಾಕ್ಟ್ ಎಸ್‌ಯುವಿಯ ಎಡಗಡೆ ಬ್ರೇಕ್ ಲೈಟ್ ಹೋಗಿದೆ ಅಂತ ಹಿಂದೆ ಬರುತ್ತಿದ್ದವರೊಬ್ಬರು ಹೇಳಿದರು. ರಾತ್ರಿ ಹೊತ್ತು ಹಿಂದಿನ ದೀಪ ಎರಡೂ ಕಡೆ ಉರಿಯುತ್ತಲೇ ಇತ್ತು. ಆದರೂ ಅವರು ಹೇಳಿದ್ದು ಸರಿ. ನಮ್ಮ ಗಾಡಿಯಲ್ಲಿ ಈ ಎರಡೂ ಕೆಲಸಕ್ಕೆ ಒಂದೇ ಬಲ್ಬ್. ಅದರೊಳಗೆ ಎರಡು ಫಿಲಮೆಂಟ್, ಅಂದರೆ ಉರಿಯುವ ತಂತಿ: 5 ವ್ಯಾಟಿನದು ರಾತ್ರಿ ದೀಪಕ್ಕೆ, 21 ವ್ಯಾಟಿನದು ಬ್ರೇಕಿಗೆ. ದೊಡ್ಡದು ಕಡಿದುಹೋದರೂ ಚಿಕ್ಕದು ಉರಿಯುತ್ತಿರುತ್ತದೆ. ಬ್ರೇಕ್ ಒತ್ತಿ ನೋಡದೆ ಗೊತ್ತೇ ಆಗುವುದಿಲ್ಲ. ಒಬ್ಬರೇ ಇದ್ದರೆ ಗಾಡಿಯ ಹಿಂಭಾಗ ಗೋಡೆಗೆ ಬರುವಂತೆ ನಿಲ್ಲಿಸಿ. ಬ್ರೇಕ್ ಒತ್ತಿದಾಗ ಗೋಡೆ ಮೇಲೆ ಬೀಳುವ ಕೆಂಪು ಬೆಳಕು ಕನ್ನಡಿಯಲ್ಲಿ ಕಾಣುತ್ತದೆ.

ಬಲಗಡೆಯದು, ಮೇಲಿನ ಮೂರನೇ ಬ್ರೇಕ್ ಲೈಟು ಎರಡೂ ಉರಿಯುತ್ತಿದ್ದವು. ಹಾಗಾಗಿ ಎಲ್ಲಕ್ಕೂ ಸೇರಿದ ಫ್ಯೂಸ್, ಪೆಡಲ್ ಹತ್ತಿರದ ಸ್ವಿಚ್ ಕಡೆ ಹೋಗಲಿಲ್ಲ.

ಲೈಟ್ ಆಫ್ ಮಾಡಿ ಬಲ್ಬ್ ತಣ್ಣಗಾಗಲು ಬಿಟ್ಟೆ. ಡಿಕ್ಕಿ ಬಾಗಿಲು ಎತ್ತಿದರೆ ದೀಪದ ಒಳ ಅಂಚಿನಲ್ಲಿ ಎರಡು ಸ್ಕ್ರೂ. ಬಿಚ್ಚಿದರೂ ದೀಪ ಅಲ್ಲಾಡುವುದಿಲ್ಲ. ಹೊರಬದಿಯ ಪ್ಲಾಸ್ಟಿಕ್ ಗೂಟಗಳು ಬಾಡಿಯ ತೂತಿನಲ್ಲಿ ಕಚ್ಚಿಕೊಂಡಿರುತ್ತವೆ. ಇಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟಲೇಬೇಡಿ. ಪೇಂಟ್ ಕಿತ್ತುಬರುತ್ತದೆ, ಗೂಟ ಮುರಿಯುತ್ತದೆ. ನಾನು ಎರಡೂ ಕೈಯಲ್ಲಿ ಹಿಡಿದು, ಪಕ್ಕಕ್ಕೆ ತಿರುಚದೆ, ನೇರವಾಗಿ ಹಿಂದಕ್ಕೆ ಸ್ವಲ್ಪ ಸ್ವಲ್ಪವೇ ಎಳೆದೆ. ಟಕ್ ಅಂತ ಬಂತು. ವೈರ್ ಉದ್ದ ಇರುವುದಿಲ್ಲ, ದೀಪ ಜೋತಾಡದಂತೆ ಕೆಳಗೊಂದು ಕೈ ಇರಲಿ.

ಹೋಲ್ಡರನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ ತೆಗೆದೆ. ಬಲ್ಬನ್ನು ಒಳಕ್ಕೆ ಒತ್ತಿ ತಿರುಗಿಸಬೇಕು, ಸುಮ್ನೆ ಎಳೆದರೆ ಬರುವುದಿಲ್ಲ. ಹೊಸದನ್ನು ಹಾಕುವ ಮೊದಲು ಟಾರ್ಚ್ ಹಿಡಿದು ಹೋಲ್ಡರ್ ಒಳಗೆ ನೋಡಿ. ಈ ಕೆಲಸದಲ್ಲಿ ಮುಖ್ಯವಾದದ್ದು ಇದೇ ಅಂತ ನನಗನ್ನಿಸುತ್ತದೆ. ಕಿಲುಬು ಹಿಡಿದಿದ್ದರೆ, ಪ್ಲಾಸ್ಟಿಕ್ ಕರಗಿದ್ದರೆ ಹೊಸ ಬಲ್ಬೂ ಸರಿಯಾಗಿ ಉರಿಯುವುದಿಲ್ಲ. ನಮ್ಮದರಲ್ಲಿ ತೆಳ್ಳಗೆ ಕಿಲುಬಿತ್ತು. ನುಣುಪಾದ ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಪುಡಿ ಒರೆಸಿದೆ.

ಹಳೇ ಬಲ್ಬಿನ ಬುಡದಲ್ಲಿ ಪಿ21/5ಡಬ್ಲ್ಯು ಅಂತಿತ್ತು, ಅದನ್ನೇ ತಂದಿದ್ದೆ. ಬರೀ ಪಿ21ಡಬ್ಲ್ಯು ನೋಡಲು ಹಾಗೇ ಇರುತ್ತದೆ, ಆದರೆ ಅದಕ್ಕೆ ಒಂದೇ ಫಿಲಮೆಂಟ್. ನಮಗೆ ಬೇಕಾದದ್ದರ ಬುಡದ ಪಕ್ಕದಲ್ಲಿರುವ ಎರಡು ಪಿನ್‌ಗಳು ಒಂದೇ ಎತ್ತರದಲ್ಲಿರುವುದಿಲ್ಲ. ಒಂದು ದಿಕ್ಕಿನಲ್ಲಿ ಮಾತ್ರ ಕೂರುತ್ತದೆ. ಕೂರದಿದ್ದರೆ ಜೋರು ಮಾಡಬೇಡಿ, ಅರ್ಧ ಸುತ್ತು ತಿರುಗಿಸಿ ನೋಡಿ. ಗಾಜನ್ನು ಬಟ್ಟೆಯಲ್ಲಿ ಹಿಡಿದರೆ ಕೈಯ ಜಿಡ್ಡು ತಾಗುವುದಿಲ್ಲ.

ಸ್ಕ್ರೂ ಹಾಕುವ ಮೊದಲೇ ಬ್ರೇಕ್, ರಾತ್ರಿ ದೀಪ, ಇಂಡಿಕೇಟರ್ ಮೂರನ್ನೂ ನೋಡಿಕೊಂಡೆ. ಸ್ಕ್ರೂ ತೀರಾ ಬಿಗಿ ಮಾಡಿದರೆ ಪ್ಲಾಸ್ಟಿಕ್ ಸೀಳಬಹುದು. ಬಲಗಡೆ ಬಲ್ಬೂ ಅಷ್ಟೇ ಹಳೆಯದು ಅಲ್ವಾ, ಅದನ್ನೂ ಅವತ್ತೇ ಬದಲಾಯಿಸಿದೆ.