ಲೀಗೊ ರಾತ್ರಿಗೆ ತಯಾರಿ: ಚೀಸು, ಓಕ್ ಮಾಲೆ, ಬೆಳಗಿನವರೆಗೆ ಬೆಂಕಿ

ಲಾಟ್ವಿಯಾದ ನಡುಬೇಸಿಗೆಯ ಸೂರ್ಯನ ಹಬ್ಬ ಎರಡು ದಿನದ್ದು: ಜೂನ್ 23 ಲೀಗೊ, 24 ಯಾನಿ. ಎರಡೂ ದಿನ ಅಲ್ಲಿ ಸರ್ಕಾರಿ ರಜೆ. ರಾಜಧಾನಿ ರೀಗಾ ಬಿಕೋ ಎನ್ನುತ್ತದೆ, ಜನ ಹಳ್ಳಿ, ಕಾಡಂಚು ಸೇರಿರುತ್ತಾರೆ. ಹಬ್ಬ ಅಲ್ಲಿಗೆ ಕ್ರೈಸ್ತ ಧರ್ಮ ಬರುವ ಮೊದಲಿನದು. ಯಾನಿ ಎಂಬ ಸಂತ ಯೋಹಾನನ ಹೆಸರು ಆಮೇಲೆ ಅಂಟಿಕೊಂಡಿತು. ಹತ್ತು ಹನ್ನೆರಡು ಗೆಳೆಯರು ಸೇರುವುದಾದರೆ ಕೆಲಸ 22ಕ್ಕೇ ಶುರು ಮಾಡಿ, ಏಕೆಂದರೆ ಚೀಸು ಒಂದು ರಾತ್ರಿ ಕೂರಬೇಕು.

ಬೇಕಾದದ್ದು 5 ಲೀಟರ್ ಹಾಲು, 1.5 ಕಿಲೋ ಬಿಯೆಜ್‌ಪಿಯೆನ್ಸ್ (ನೀರಿಳಿಸಿದ ಹುಳಿ ಮೊಸರುಗಡ್ಡೆ), 3 ಮೊಟ್ಟೆ, 100 ಗ್ರಾಂ ಬೆಣ್ಣೆ, ಒಂದು ದೊಡ್ಡ ಚಮಚ ಉಪ್ಪು, ಎರಡು ಚಮಚ ಶಾಜೀರಿಗೆ (ಕ್ಯಾರವೇ). ನಮ್ಮ ಸಾರಿನ ಜೀರಿಗೆ ಹಾಕಿದರೆ ರುಚಿಯೇ ಬೇರೆಯಾಗುತ್ತದೆ. ಹಾಲನ್ನು 90 ಡಿಗ್ರಿಗೆ ಕಾಯಿಸಿ, ಗಡ್ಡೆಯನ್ನು ಪುಡಿ ಮಾಡಿ ಹಾಕಿ, ತಿಳಿ ಹಸಿರು-ಹಳದಿ ನೀರು ಬೇರೆಯಾಗುವವರೆಗೆ ಹದವಾಗಿ ಕಲಕಿ. ನೀರು ಹಾಲುಬಿಳುಪಾಗಿಯೇ ಇದ್ದರೆ ಇನ್ನೂ ಒಡೆದಿಲ್ಲ. ತಿಂಗಳುಗಟ್ಟಲೆ ಕೆಡದ ಡಬ್ಬಿ ಹಾಲು ಸರಿಯಾಗಿ ಒಡೆಯುವುದಿಲ್ಲ, ತಾಜಾ ಹಾಲೇ ಆಗಬೇಕು. ಬಟ್ಟೆಯಲ್ಲಿ ಬಸಿದು, ಬೆಣ್ಣೆ ಕರಗಿಸಿದ ಪಾತ್ರೆಗೆ ಹಾಕಿ, ಕದಡಿದ ಮೊಟ್ಟೆ, ಉಪ್ಪು, ಶಾಜೀರಿಗೆ ಸೇರಿಸಿ ಸಣ್ಣ ಉರಿಯಲ್ಲಿ ತಿರುವಿ. ಮುದ್ದೆ ಹೊಳಪು ಬಂದು ತಳ ಬಿಟ್ಟ ತಕ್ಷಣ ಇಳಿಸಿ. 80 ಡಿಗ್ರಿ ದಾಟಿದರೆ ಮೊಟ್ಟೆ ಗಂಟುಕಟ್ಟುತ್ತದೆ. ಹೆಚ್ಚು ಹೊತ್ತು ಬೇಯಿಸಿದರೆ ಚೀಸು ಹುಡಿಹುಡಿ. ಬಿಸಿಯಲ್ಲೇ ಬಟ್ಟೆಯಲ್ಲಿ ಗುಂಡಗೆ ಬಿಗಿದು, ಮೇಲೊಂದು ಹಲಗೆ, ಒಂದೆರಡು ಕಿಲೋ ಭಾರ ಇಟ್ಟು ತಂಪಿನಲ್ಲಿಡಿ. ಆ ಗುಂಡು ಸೂರ್ಯನ ಆಕಾರ, ಚೌಕ ಮಾಡಬೇಡಿ.

ಗಂಡಸರಿಗೆ ಓಕ್ ಎಲೆಯ ಮಾಲೆ, ಹೆಂಗಸರಿಗೆ ಹೂವಿನದು. ಓಕ್ ಕಡ್ಡಿ ಪೆನ್ಸಿಲ್‌ಗಿಂತ ಸಣ್ಣಗಿರಲಿ. ದಪ್ಪಗಿದ್ದರೆ ಬಗ್ಗಿಸುವಾಗ ಲಟಕ್ಕನೆ ಮುರಿಯುತ್ತದೆ. ಡೇಸಿ, ಕ್ಲೋವರ್ ಹೂಗಳನ್ನು ಗೇಣುದ್ದ ಕಾಂಡದ ಸಮೇತ ಕಿತ್ತು, ಕಟ್ಟುವವರೆಗೆ ನೀರಿನಲ್ಲಿಡಿ.

ಬೆಂಕಿಗೆ ಎತ್ತರದ ಬಯಲು ಒಳ್ಳೆಯದು. ಕಾಡಿನೊಳಗೆ ಗೊತ್ತುಪಡಿಸಿದ ಬೆಂಕಿಗುಂಡಿಯಲ್ಲಿ ಬಿಟ್ಟು ಬೇರೆಲ್ಲೂ ಹಚ್ಚುವಂತಿಲ್ಲ. ಹೊತ್ತಿಸಲು ಬರ್ಚ್ ತೊಗಟೆಯಂಥದ್ದು ಇನ್ನೊಂದಿಲ್ಲ, ಒದ್ದೆಯಾದರೂ ಹತ್ತುತ್ತದೆ. ಬಿದ್ದ ಮರದ್ದನ್ನಷ್ಟೇ ತೆಗೆದುಕೊಳ್ಳಿ. ಸೂರ್ಯ ಮುಳುಗುವುದು ಸುಮಾರು ರಾತ್ರಿ 10:20ಕ್ಕೆ. ಅದಕ್ಕೆ ಮೊದಲೇ ಹೊತ್ತಿಸಿ, 4:30ರ ಸೂರ್ಯೋದಯದವರೆಗೆ ಆರದಂತೆ ನೋಡಿಕೊಳ್ಳಬೇಕು. ಸೌದೆ ಸಾಲದೇ ಹೋಗುವುದು ಸಾಮಾನ್ಯವಾಗಿ 2 ಗಂಟೆಗೆ, ಎಲ್ಲರೂ ಚಳಿಗೆ ನಡುಗುವಾಗ. ಅಂದಾಜಿನ ಎರಡರಷ್ಟು ತನ್ನಿ. ಬೆಂಕಿಯ ಮೇಲಿಂದ ಜಿಗಿಯುವುದು ಜ್ವಾಲೆ ಮೊಣಕಾಲಿಗಿಂತ ತಗ್ಗಿದ ಮೇಲೆ, ಹತ್ತಿ ಅಥವಾ ಉಣ್ಣೆಯ ಬಟ್ಟೆಯಲ್ಲಿ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಪಕ್ಕದಲ್ಲಿ ಎರಡು ಬಕೆಟ್ ನೀರು ಇರಲಿ.

ಹಾಡು ಬಾರದವರು ಸಾಲು ಮುಗಿದಾಗಲೆಲ್ಲ ‘ಲೀಗೊ, ಲೀಗೊ’ ಎಂದು ದನಿಗೂಡಿಸಿದರೆ ಸಾಕು. ಬಂದವರು ಆತಿಥೇಯರನ್ನು ಹಾಡಿನಲ್ಲೇ ಛೇಡಿಸುತ್ತಾರೆ, ಅವರೂ ಬಿಡುವುದಿಲ್ಲ, ಮುನಿಸಿಕೊಳ್ಳುವಂತಿಲ್ಲ. ನಡುರಾತ್ರಿ ಜರೀಗಿಡದ ಹೂ ಹುಡುಕಲು ಜೋಡಿಗಳು ಕಾಡಿಗೆ ನುಗ್ಗುತ್ತವೆ. ಜರೀಗಿಡ ಹೂ ಬಿಡುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಮುಂಜಾವದಲ್ಲಿ ಇಬ್ಬನಿಯಿಂದ ಮುಖ ತೊಳೆಯುವುದು ಪದ್ಧತಿ.

ಆ ಹುಲ್ಲಿನಲ್ಲೇ ಉಣುಗೂ ಇರುತ್ತದೆ. ಮಲೆನಾಡಿನವರಿಗೆ ಮಂಗನ ಕಾಯಿಲೆ ಗೊತ್ತಲ್ಲ, ಅದೇ ವೈರಸ್ ಬಳಗದ ಮಿದುಳು ಜ್ವರ ಇಲ್ಲಿಯ ಉಣುಗಿನಿಂದ ಬರುತ್ತದೆ. ಲಸಿಕೆ ಇದೆ, ಆದರೆ ಡೋಸುಗಳ ನಡುವೆ ತಿಂಗಳುಗಳ ಅಂತರವಿರುವುದರಿಂದ ಚಳಿಗಾಲದಲ್ಲೇ ಶುರು ಮಾಡಬೇಕು. ಮಲಗುವ ಮೊದಲು ಕಂಕುಳು, ಮೊಣಕಾಲ ಹಿಂಬದಿ, ಕಿವಿ ಹಿಂದೆ ತಡಕಿ ನೋಡಿ.